ಒಂದು ಎಲೆ ನಿಮ್ಮದೂ ಇರಲಿ!

ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಗಂಟು ಇದ್ದೇ ಇರುತ್ತದೆ. ರವಿಕೆ ಹೊಲಿಸಿ ಉಳಿದ ತುಂಡು, ಫಾಲ್ಸ್ ಬಿಚ್ಚಿದ ಹಳೇ ಸೀರೆ, ಮಗಳ ಲಂಗದ ಅಂಚು, ಅರಿಶಿನ ಕುಂಕುಮಕ್ಕೆ ಕರೆದವರು ಕೊಟ್ಟ ಬ್ಲೌಸ್ ಪೀಸು... ‘ಯಾವತ್ತಾದ್ರೂ ಬೇಕಾಗುತ್ತೆ’ ಅಂತ ಎತ್ತಿಟ್ಟಿದ್ದು. ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಹೊರಗೆ ಬರುತ್ತೆ, ಬಿಸಾಕಲು ಮನಸ್ಸಾಗದೆ ಮತ್ತೆ ಒಳಗೆ ಹೋಗುತ್ತೆ. ಆ ‘ಯಾವತ್ತಾದ್ರೂ’ ಇವತ್ತೇ ಬಂದಿದೆ ಅಂದ್ಕೊಳ್ಳಿ. ಗಂಟು ಬಿಚ್ಚಿ, ಬಟ್ಟೆಯಿಂದ ಒಂದು ಎಲೆ ಮಾಡೋಣ.

ಒಂದೇ ಒಂದು ಎಲೆ ಯಾಕೆ ಅಂತೀರಾ? ಒಂದು ಎಲೆ ನೀವು, ಒಂದು ಪಕ್ಕದ ಮನೆಯವರು, ಒಂದು ಊರಲ್ಲಿರುವ ಅತ್ತಿಗೆ. ಹೀಗೆ ನೂರಾರು ಜನ ಮಾಡಿದ ಎಲೆಗಳು ಒಂದೇ ಮರದಲ್ಲಿ ಸೇರಿದರೆ ಹೇಗಿರುತ್ತೆ? ಸಾಮೂಹಿಕ ಬಟ್ಟೆ ಕಲೆ ಅಂದರೆ ಇದೇ. ಹೊಲಿಗೆ ಕ್ಲಾಸಿಗೆ ಹೋದವರೇ ಆಗಬೇಕು ಅಂತಿಲ್ಲ. ಗುಂಡಿ ಹೊಲಿಯಲು ಬಂದರೆ ಸಾಕು.

ಬಂಕ್‌ಗೆ ಹೊದಿಕೆ, ಮರಕ್ಕೆ ಎಲೆ

ಅಮೆರಿಕದ ಕಲಾವಿದೆ ಜೆನಿಫರ್ ಮಾರ್ಶ್ 2008ರಲ್ಲಿ ಒಂದು ವಿಚಿತ್ರ ಕೆಲಸ ಮಾಡಿದರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಹತ್ತಿರ ಪಾಳುಬಿದ್ದ ಪೆಟ್ರೋಲ್ ಬಂಕ್ ಒಂದಿತ್ತು. ಅದಕ್ಕೆ ಇಡಿಯಾಗಿ ಬಟ್ಟೆ ತೊಡಿಸಿದರು! ಅಷ್ಟನ್ನೂ ಅವರೊಬ್ಬರೇ ಹೆಣೆದದ್ದಲ್ಲ. ಬೇರೆ ಬೇರೆ ದೇಶಗಳ ಜನ ಮನೆಯಲ್ಲೇ ಕೂತು ಹೆಣೆದ, ಕ್ರೋಶ ಹಾಕಿದ, ಕೌದಿಯಂತೆ ಹೊಲಿದ ಚೌಕಗಳನ್ನು ಕಳಿಸಿಕೊಟ್ಟಿದ್ದರು. ಅವನ್ನೆಲ್ಲ ಜೋಡಿಸಿದ್ದು ಅವರ ಕೆಲಸ. ಮುಂದಿನ ಯೋಜನೆಯಲ್ಲಿ ಅವರು ಕೇಳಿದ್ದು ಎಲೆಗಳನ್ನು. ಜನ ಕಳಿಸಿದ ಬಟ್ಟೆ ಎಲೆಗಳಿಂದ ಒಂದು ಮರ ತುಂಬುವುದು, ನಾವೆಲ್ಲ ಒಬ್ಬರನ್ನೊಬ್ಬರು ನೆಚ್ಚಿಕೊಂಡೇ ಬದುಕುವವರು ಎಂದು ತೋರಿಸುವುದು ಅದರ ಆಶಯ.

ಸಣ್ಣದಾಗಿ ಶುರುವಾದ ಇಂಥ ಕೆಲಸ ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಕೇಳಿ. ಲಿನ್ ಬೆರಿ, ಮಾರ್ಗರೆಟ್ ನೈಟ್ ಎಂಬ ಇಬ್ಬರು ಗೆಳತಿಯರು 2013ರಲ್ಲಿ, ಯುದ್ಧಕ್ಕೆ ಹೋಗಿದ್ದ ತಮ್ಮ ತಂದೆಯರ ನೆನಪಿಗೆ 120 ಕೆಂಪು ಪಾಪಿ ಹೂವುಗಳನ್ನು ಕೈಯಲ್ಲೇ ಮಾಡಬೇಕು ಅಂದುಕೊಂಡರು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. 2015ರ ಏಪ್ರಿಲ್ ಹೊತ್ತಿಗೆ ಮೆಲ್ಬರ್ನ್‌ನ ಫೆಡರೇಷನ್ ಸ್ಕ್ವೇರ್‌ನಲ್ಲಿ ಎರಡೂವರೆ ಲಕ್ಷ ಹೂವು! ಮರುವರ್ಷ ಆ ಹೂವುಗಳು ಲಂಡನ್‌ನ ಚೆಲ್ಸಿ ಫ್ಲವರ್ ಷೋ ತನಕ ಹೋದವು.

ಇವು ಬರೀ ಅಲಂಕಾರ ಅಂತ ತಿಳೀಬೇಡಿ. ಏಡ್ಸ್‌ನಿಂದ ಸತ್ತವರ ಹೆಸರು ಹೇಳಲೂ ಮನೆಯವರು ಹಿಂಜರಿಯುತ್ತಿದ್ದ ಕಾಲದಲ್ಲಿ, 1987ರಲ್ಲಿ, ಅಮೆರಿಕದಲ್ಲಿ ಸತ್ತವರಿಗಾಗಿ ಒಂದು ಕೌದಿ ಶುರುವಾಯಿತು. ಒಬ್ಬೊಬ್ಬರ ಹೆಸರಿಗೆ ಮೂರಡಿ ಅಗಲ, ಆರಡಿ ಉದ್ದದ ಒಂದು ತುಂಡು, ಅಂದರೆ ಒಂದು ಗೋರಿಯ ಅಳತೆ. ಸತ್ತವರ ಅಂಗಿ, ಜೀನ್ಸ್‌ಗಳನ್ನೇ ಕತ್ತರಿಸಿ ತಾಯಂದಿರು, ಗೆಳೆಯರು ಹೊಲಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಬಯಲಿನಲ್ಲಿ ಹಾಸಿದಾಗ ಇದ್ದದ್ದು 1,920 ತುಂಡು. ಈಗ ಸುಮಾರು 50 ಸಾವಿರ. ಬಾಯಲ್ಲಿ ಹೇಳಲಾಗದ್ದನ್ನು ಆ ತಾಯಂದಿರು ಸೂಜಿಯಲ್ಲಿ ಹೇಳಿದರು.

ನಮಗೇನೂ ಹೊಸತಲ್ಲ

ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮಧ್ಯಾಹ್ನದ ಕೆಲಸ ಮುಗಿಸಿದ ಹೆಂಗಸರು ಸುತ್ತ ಕೂತು ಕೌದಿ ಹೊಲಿಯುವುದನ್ನು ಉತ್ತರ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಮಹಿಳೆಯರು ಇದೇ ಥರ ‘ಕವಂದಿ’ ಹೊಲಿಯುತ್ತಾರೆ. ಅಂಚಿನಿಂದ ಹೊರಟು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ ಅದು. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಸಣ್ಣ ತ್ರಿಕೋನದ ತುಂಡುಗಳನ್ನಿಟ್ಟು ಹೊಲಿಯುತ್ತಾರೆ. ಅದಕ್ಕೆ ‘ಫುಲ’ ಅಂದರೆ ಹೂವು ಅಂತ ಹೆಸರು. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಪೂರ್ತಿಯಾದದ್ದೇ ಅಲ್ಲ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು 1,755 ಕಸೂತಿ ತುಂಡುಗಳನ್ನು ಸೇರಿಸಿ ಗಿನ್ನಿಸ್ ದಾಖಲೆ ಮಾಡಿದರು. ಕನ್ನಡಿ ಚೂರು, ಕವಡೆ, ಬಣ್ಣದ ದಾರದ ಆ ಕೆಲಸ ಒಬ್ಬಿಬ್ಬರ ಕೈಯಲ್ಲಿ ಆಗುವಂಥದ್ದಾ? ಇಲ್ಲ. ಕೂಡಿ ಹೊಲಿಯುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಈಗ ನಾವು ಒಬ್ಬೊಬ್ಬರೇ ಟೀವಿ ಮುಂದೆ ಕೂತಿದ್ದೇವೆ, ಅಷ್ಟೇ ವ್ಯತ್ಯಾಸ.

ಎಲೆ ಮಾಡೋದು ಹೇಗೆ?

ಮೊದಲು ಅಂಗಳದಿಂದಲೋ, ಪಕ್ಕದ ಪಾರ್ಕಿನಿಂದಲೋ ನಿಜವಾದ ಎಲೆ ತನ್ನಿ. ಹೊಸಬರಿಗೆ ಮಾವಿನೆಲೆ ಒಳ್ಳೇದು, ತಿರುವು ಕಡಿಮೆ. ಹಲಸಿನೆಲೆಯೂ ಸುಲಭ. ವೀಳ್ಯದೆಲೆಗೆ ತೊಟ್ಟಿನ ಹತ್ತಿರ ಒಳತಿರುವು ಇರುವುದರಿಂದ ಸ್ವಲ್ಪ ಜಾಣತನ ಬೇಕು. ಅರಳಿ ಎಲೆಯ ಬಾಲ ಮಾತ್ರ ಕೈ ಪಳಗಿದವರಿಗೆ. ರಟ್ಟಿನ ಮೇಲೆ ಎಲೆ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕತ್ತರಿಸಿಕೊಳ್ಳಿ. ಇದೇ ನಿಮ್ಮ ಅಚ್ಚು.

ಬಟ್ಟೆಯನ್ನು ಒಮ್ಮೆ ಒಗೆದು ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತೆ, ಎಲೆ ಮಾಡಿದ ಮೇಲೆ ಕುಗ್ಗಿದರೆ ಸುಕ್ಕು ಬೀಳುತ್ತೆ. ಬಣ್ಣ ಬಿಡುತ್ತಾ ಅಂತ ನೋಡಲು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ನಿಮ್ಮ ಕೆಂಪು ಬಣ್ಣ ಬೇರೆಯವರ ಹಳದಿ ಎಲೆಗೆ ಇಳಿಯಬಾರದಲ್ವಾ?

ಎರಡು ತುಂಡು ಬಟ್ಟೆಯ ಒಳ್ಳೆ ಮಗ್ಗುಲುಗಳು ಎದುರುಬದುರಾಗಿರಲಿ. ಕೆಳಗೆ ಅದೇ ಅಳತೆಯ ಹಳೇ ಟವೆಲ್ ಅಥವಾ ಫ್ಲಾನಲ್ ತುಂಡು ಇಡಿ. ಅಚ್ಚಿನ ಗೆರೆಯ ಮೇಲೆ ಸಣ್ಣ ಹೊಲಿಗೆ ಹಾಕುತ್ತಾ ಬನ್ನಿ, ಒಂದು ಪಕ್ಕದಲ್ಲಿ ಒಂದೂವರೆ ಇಂಚು ಬಿಡಿ. ಗೆರೆಯ ಹೊರಗೆ ಕಾಲು ಇಂಚು ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ತಿರುವುಗಳಲ್ಲಿ ಹೊಲಿಗೆಗೆ ತಾಗದ ಹಾಗೆ ಸಣ್ಣ ಸಣ್ಣ ಕಚ್ಚು ಹಾಕಿ. ಬಿಟ್ಟ ಜಾಗದಿಂದ ಒಳಹೊರಗು ಮಾಡಿ, ಮೊಂಡು ಪೆನ್ಸಿಲ್‌ನಿಂದ ತುದಿಯನ್ನು ಮೆಲ್ಲಗೆ ತಳ್ಳಿ. ತೆರೆದ ಬಾಯಿಯನ್ನು ಕೈಹೊಲಿಗೆಯಲ್ಲಿ ಮುಚ್ಚಿದರೆ ಎಲೆಯ ಆಕಾರ ಸಿದ್ಧ.

ಇನ್ನು ನರಗಳು. ನಡುವೆ ಒಂದು ದಪ್ಪ ದಾರದ ಗೆರೆ, ಅದರಿಂದ ಆಚೀಚೆ ಕವಲು. ಬರೀ ಜೊಂಯ್ ಹೊಲಿಗೆ ಹಾಕಿದರೂ ಮೂರೂ ಪದರ ಒಂದಾಗಿ ಎಲೆಗೆ ಉಬ್ಬು ತಗ್ಗು ಬರುತ್ತೆ. ಕಸೂತಿ ಬರುವವರು ಗಂಟಿ, ಮುರ್ಗಿ ಹಾಕಿ. ಆದರೆ ಎಳೆ ಎಣಿಸಲು ಬರುವ ಬಟ್ಟೆ ಆರಿಸಿಕೊಳ್ಳಿ. ಹಳೇ ರೇಷ್ಮೆ ಎಳೆ ಬಿಡುತ್ತಿದ್ದರೆ ಹಿಂಬದಿಗೆ ತೆಳುವಾದ ಫ್ಯೂಸಿಂಗ್ ಇಟ್ಟು ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಅರಳಿ ಎಲೆಯ ಬಾಲಕ್ಕೆ ಒಳಹೊರಗು ಮಾಡುವ ಸಾಹಸ ಬೇಡ, ಅಂಚಿಗೆ ಕಾಜಾ ಹೊಲಿಗೆ ಹಾಕಿಬಿಡಿ.

ಅಮ್ಮನ ಸೀರೆಗೆ ಕತ್ತರಿ ಹಾಕಬಹುದಾ?

ಇದು ಬಟ್ಟೆಯ ಪ್ರಶ್ನೆ ಅಲ್ಲ, ಮನಸ್ಸಿನ ಪ್ರಶ್ನೆ. ತೀರಿಕೊಂಡ ತಾಯಿಯ ಸೀರೆಯನ್ನು ಅನೇಕರು ಉಡುವುದೂ ಇಲ್ಲ, ಕೊಡುವುದೂ ಇಲ್ಲ. ಮಡಿಕೆಯಲ್ಲೇ ಅದು ಸೀಳು ಬಿಡುತ್ತಾ ಹೋಗುತ್ತೆ. ಅದರಿಂದ ಒಂದು ಎಲೆ ಮಾಡಬೇಕು ಅನ್ನಿಸಿದರೆ ಖಂಡಿತ ಮಾಡಿ. ಆದರೆ ಅವಸರ ಬೇಡ. ಮೊದಲು ಅಕ್ಕ ತಂಗಿಯರನ್ನು, ಅಣ್ಣ ತಮ್ಮಂದಿರನ್ನು ಕೇಳಿ. ನಿಮಗೆ ಹಳೇ ಬಟ್ಟೆ ಅನ್ನಿಸಿದ್ದು ಅವರಿಗೆ ಬೇರೇನೋ ಆಗಿರಬಹುದು. ಕೇಳದೆ ಕತ್ತರಿಸಿದರೆ ಆಮೇಲೆ ಅದೇ ಮಾತು ವರ್ಷಗಟ್ಟಲೆ ಉಳಿದುಬಿಡುತ್ತೆ.

ಎಲ್ಲರೂ ಹೂಂ ಅಂದರೆ, ಸೆರಗು ಮುಟ್ಟಬೇಡಿ. ಒಳಮಗ್ಗುಲಿನಿಂದ, ಸವೆದು ಹೋದ ಕಡೆಯಿಂದ ಅಂಗೈಯಗಲ ತೆಗೆದರೆ ಒಂದು ಎಲೆಗೆ ಧಾರಾಳ. ಎರಡು ಎಲೆ ಮಾಡಿ. ಒಂದು ಮರಕ್ಕೆ, ಒಂದು ಮನೆಗೆ. ಯಾಕಂದರೆ ಕೊಟ್ಟ ಎಲೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ‘ಕೊಡಬಾರದಿತ್ತೇನೋ’ ಅಂತ ಆಮೇಲೆ ಅನ್ನಿಸುವಂಥದ್ದನ್ನು ಕೊಡಲೇಬೇಡಿ.

ಹೆಸರು ಎಲ್ಲಿ?

ಹೆಂಗಸರ ಕೈಕೆಲಸಕ್ಕೆ ಹೆಸರು ಬರೆಯುವ ಪದ್ಧತಿಯೇ ನಮ್ಮಲ್ಲಿಲ್ಲ. ಅಜ್ಜಿ ಹೊಲಿದ ಕೌದಿ ಮೂರು ತಲೆಮಾರು ಹೊದ್ದುಕೊಳ್ಳುತ್ತೆ, ಅಜ್ಜಿಯ ಹೆಸರು ಮೊಮ್ಮಕ್ಕಳಿಗೆ ಗೊತ್ತಿರೋದಿಲ್ಲ! ನಿಮ್ಮ ಎಲೆಯ ಹಿಂದೆ ಹೆಸರು, ಊರು, ವರ್ಷ ಇರಲಿ. ಬರೆಯುವುದಾದರೆ ಒಗೆದರೂ ಹೋಗದ ಮಾರ್ಕರ್‌ನಲ್ಲಿ, ಆಗುವುದಾದರೆ ದಾರದಲ್ಲೇ. ಯಾರ ನೆನಪಿಗೆ ಮಾಡಿದ್ದೋ ಅವರ ಹೆಸರನ್ನೂ ಹಾಕಿ. ನಾಚಿಕೆ ಯಾಕೆ? ಚಿತ್ರ ಬರೆದವರು ಮೂಲೆಯಲ್ಲಿ ಸಹಿ ಹಾಕೋದಿಲ್ವಾ?

ಹಾಗೆಯೇ ಎಲೆ ಕೊಡುವ ಮೊದಲು ಕರೆದವರನ್ನು ನಾಲ್ಕು ಮಾತು ಕೇಳಿ. ಮರ ಎಲ್ಲಿಡುತ್ತಾರೆ? ಎಷ್ಟು ದಿನ? ಮುಗಿದ ಮೇಲೆ ಏನು ಮಾಡುತ್ತಾರೆ? ಮಾಡಿದವರ ಹೆಸರಿನ ಪಟ್ಟಿ ಪಕ್ಕದಲ್ಲಿ ಹಾಕುತ್ತಾರಾ? ಮಾರುತ್ತಾರಾ? ಶಾಲೆ, ಆಸ್ಪತ್ರೆ, ಗ್ರಂಥಾಲಯದ ಗೋಡೆಗೆ ಪ್ರೀತಿಯಿಂದ ಕೊಡುವುದು ಬೇರೆ. ಯಾರದೋ ಷೋರೂಂ ಅಲಂಕಾರಕ್ಕೆ ನಿಮ್ಮಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದು ಬೇರೆ. ಬ್ರಿಟನ್ನಿನ ಕಲಾವಿದೆ ಕರ್ಸ್ಟಿ ಮ್ಯಾಕ್ಲಿಯಾಡ್ 2009ರಲ್ಲಿ ಶುರು ಮಾಡಿದ ‘ಕೆಂಪು ಉಡುಪು’ ಯೋಜನೆಗೆ 51 ದೇಶಗಳ 380 ಮಂದಿ ಕಸೂತಿ ಹಾಕಿದರು. ಅದರಲ್ಲಿ ಕಸೂತಿಯನ್ನೇ ನಂಬಿದ ಕುಶಲಕರ್ಮಿಗಳಿಗೆ ಹಣ ಕೊಡಲಾಯಿತು. ಅಂದಮೇಲೆ ಕೇಳುವುದರಲ್ಲಿ ತಪ್ಪೇನಿದೆ? ನೀವು ಸಂತೋಷಕ್ಕೆ ಕೊಡಿ, ಆದರೆ ಹೊಲಿಗೆಯಿಂದಲೇ ಹೊಟ್ಟೆ ಹೊರೆಯುವ ಅಕ್ಕನಿಂದ ಪುಕ್ಕಟೆ ಎಲೆ ಕೇಳಬೇಡಿ.

ನಿಮ್ಮ ಬೀದಿಯಲ್ಲೇ ಒಂದು ಮರ

ಯಾರೋ ಕರೆಯಲಿ ಅಂತ ಕಾಯುವುದೇಕೆ? ನಿಮ್ಮ ಮಹಿಳಾ ಮಂಡಳಿಯೋ, ಅಪಾರ್ಟ್‌ಮೆಂಟೋ, ಮಕ್ಕಳ ಶಾಲೆಯೋ ಸಾಕು. ಆರಡಿ ಎತ್ತರ, ನಾಲ್ಕಡಿ ಅಗಲದ ದಪ್ಪ ಖಾದಿ ಅಥವಾ ಹಳೇ ಬೆಡ್‌ಶೀಟ್ ತಗೊಳ್ಳಿ. ಕಾಂಡ, ಕೊಂಬೆಗೆ ಗೋಣಿಚೀಲ ಅಥವಾ ಹಳೇ ಜೀನ್ಸ್ ಚೆನ್ನಾಗಿ ಒಪ್ಪುತ್ತೆ. ನಾಲ್ಕಿಂಚು ಉದ್ದ, ಮೂರಿಂಚು ಅಗಲದ ಎಲೆಗಳನ್ನು ಸ್ವಲ್ಪ ಒಂದರ ಮೇಲೊಂದು ಬರುವಂತೆ ಕೂರಿಸಿದರೆ ಹಾಳೆಯ ಅರ್ಧದಷ್ಟು ಜಾಗ ತುಂಬಲು ಸುಮಾರು 300 ಎಲೆ ಬೇಕು. ಹೆದರಬೇಡಿ, ಮೂವತ್ತು ಜನ ತಲಾ ಹತ್ತು ಮಾಡಿದರೆ ಆಯ್ತು! ಎಲೆಯನ್ನು ಪೂರ್ತಿ ಹೊಲಿಯದೆ ತೊಟ್ಟಿನ ಕಡೆ ಮಾತ್ರ ಹೊಲಿದರೆ ಗಾಳಿಗೆ ಅಲ್ಲಾಡುತ್ತೆ, ಹಿಂದಿನ ಹೆಸರನ್ನೂ ಎತ್ತಿ ಓದಬಹುದು.

ಅಳತೆಯ ಅಚ್ಚು ಒಂದನ್ನೇ ಎಲ್ಲರಿಗೂ ಕೊಡಿ, ಬಣ್ಣ ಮಾತ್ರ ಅವರವರ ಇಷ್ಟಕ್ಕೆ ಬಿಡಿ. ಸೊಟ್ಟ ಎಲೆ ಬಂತು ಅಂತ ಬಿಚ್ಚಿ ಮತ್ತೆ ಹೊಲಿಯಬೇಡಿ. ಎಂಬತ್ತರ ಅಜ್ಜಿಯ ನಡುಗುವ ಹೊಲಿಗೆ, ಏಳು ವರ್ಷದ ಪೋರನ ಉದ್ದುದ್ದ ಹೊಲಿಗೆ ಎರಡೂ ಹಾಗೇ ಇರಬೇಕು. ಮರದಲ್ಲಿ ಹುಳ ತಿಂದ ಎಲೆ ಇರೋದಿಲ್ವಾ? ಗಂಡು ಮಕ್ಕಳನ್ನೂ ಕೂರಿಸಿ, ಸೂಜಿ ಹಿಡಿಯಲು ಯಾರಿಗೂ ಜಾತಕ ನೋಡಬೇಕಿಲ್ಲ.

ನೆನಪಿರಲಿ

* ಮೈದಾ ಅಂಟು ಬೇಡವೇ ಬೇಡ. ಜಿರಲೆ, ಬೆಳ್ಳಿಮೀನು ಹುಳಕ್ಕೆ ಅದು ಹಬ್ಬದೂಟ.

* ಮಳೆಗಾಲದಲ್ಲಿ ಒಗೆದ ಬಟ್ಟೆ ಚೆನ್ನಾಗಿ ಒಣಗಿದ ಮೇಲೇ ಎಲೆ ಮಾಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತೆ.

* ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಮರ ಇಡುವುದಾದರೆ ಎಲೆಯೊಳಗೆ ತಂತಿ ಹಾಕಬೇಡಿ. ಕೂತವರೆಲ್ಲ ಏಳುವ ಮುನ್ನ ಸೂಜಿ, ಪಿನ್ನು ಎಣಿಸಿಡಿ.

* ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಬಣ್ಣ ಬೇಗ ಮಾಸುತ್ತೆ.

* ಅಂಚೆಯಲ್ಲಿ ಕಳಿಸುವಾಗ ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಕವರ್ ಹಾಕಿ. ಹೊರದೇಶಕ್ಕಾದರೆ ಕಸ್ಟಮ್ಸ್ ಫಾರಂ ತುಂಬಬೇಕು. ನಿಜವಾದ ಒಣ ಎಲೆ, ಬೀಜ, ಕಡ್ಡಿ ಅಂಟಿಸಬೇಡಿ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಅದಕ್ಕೆ ಕಟ್ಟುನಿಟ್ಟಿನ ತಡೆಯಿದೆ.

* ಕೊಡುವ ಮೊದಲು ಎಲೆಯ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಒಂದು ಎಲೆಗೆ ಹೆಚ್ಚೆಂದರೆ ಎರಡು ಗಂಟೆ. ಕುಕ್ಕರ್ ಕೂಗುವ ತನಕ ನರ, ಮಕ್ಕಳು ಬರುವ ತನಕ ಅಂಚು ಅಂತ ಮಾಡುತ್ತಾ ಹೋದರೆ ಎರಡು ದಿನದಲ್ಲಿ ಮುಗಿಯುತ್ತೆ. ಹತ್ತಿರದ ಗೆಳತಿಗೆ ಇವತ್ತೇ ಫೋನ್ ಮಾಡಿ, ಅವಳ ಗಂಟನ್ನೂ ಬಿಚ್ಚಿಸಿ. ಎರಡು ಎಲೆ ಆಯ್ತಲ್ಲ, ಇನ್ನುಳಿದದ್ದು 298!