ಬೆಲ್ಲ ಅಲ್ಲ ಮಾರಾಯ್ರೆ, ಬೆಳ್ಳಂ! ಇದು ಕಾಸರಗೋಡಿನ ಮಲಯಾಳ

ಸುಳ್ಯ: ಗಡಿ ಆಚೆಯಿಂದ ಪೇಟೆಗೆ ಬಂದ ಗಿರಾಕಿ ಅಂಗಡಿ ಮುಂದೆ ನಿಂತು "ಬೆಳ್ಳಂ ಬೇಣಂ" ಅಂದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬೆಲ್ಲ ತೂಗಲು ಹೊರಡುವ ಚಾನ್ಸ್ ಉಂಟು. ಅವರಿಗೆ ಬೇಕಿರೋದು ಕುಡಿಯೋಕೆ ನೀರು!

ಪುಸ್ತಕದ ಮಲಯಾಳದಲ್ಲಿ ನೀರಿಗೆ ವೆಳ್ಳಂ. ಕಾಸರಗೋಡಿನವರ ಬಾಯಲ್ಲಿ ಶಬ್ದದ ಮೊದಲಿನ 'ವ' ಸಾಮಾನ್ಯವಾಗಿ 'ಬ' ಆಗುತ್ತದೆ. ವೇಣಂ ಹೋಗಿ ಬೇಣಂ, ವೇಗಂ ಹೋಗಿ ಬೇಂ. "ಬೇಂ ಬಾ" ಅಂದರೆ ಬೇಗ ಬಾ. ನಮಗಂತೂ ಇದಕ್ಕೆ ಅರ್ಥ ಹೇಳಿಕೊಡುವವರು ಬೇಡ. ಪೇಚಾಡುವುದು ತಿರುವನಂತಪುರ, ಕೊಲ್ಲಂ ಕಡೆಯಿಂದ ಟ್ರಾನ್ಸ್‌ಫರ್ ಆಗಿ ಬರುವ ಮಲಯಾಳಿಗಳೇ.

ಅವರಿಗೆ 'ಚಾಡು' ಅಂದರೆ ಹಾರು. ಇಲ್ಲಿ ಬಿಸಾಡು. "ಆ ಕಡಲಾಸ್ ಚಾಡ್" ಅಂದರೆ ಕಾಗದ ಹಾರುವುದು ಹೇಗೆ ಅಂತ ಅವರು ನೋಡ್ತಾ ನಿಲ್ಲಬೇಕು. ಇಲ್ಲಿ ಹಾರುವುದಕ್ಕೆ 'ತುಳ್ಳು' ಅಂತಾರೆ. ಬಸ್ಸಿಂದ ಇಳಿದು ಓಡಿದ ಅನ್ನೋದಕ್ಕೆ "ಕೀಞ್ಞ್ ಪಾಞ್ಞ್". ಎರಡೇ ಶಬ್ದ, ಕೇಳಿದರೇ ಓಡಿದ ಹಾಗಿದೆ.

ಇದೆಲ್ಲ ಕೆಟ್ಟು ಹೋದ ಮಲಯಾಳ ಅಂತ ನಗಾಡುವವರು ಒಂದು ಶಬ್ದ ನೋಡಬೇಕು. ಹಸಿವಿಗೆ ದಕ್ಷಿಣದವರು ವಿಶಪ್ಪ್ ಅಂದರೆ ಇವರು 'ಪೈ' ಅಂತಾರೆ. ಇದು ಹಳೆಯ 'ಪಶಿ'ಯ ಸವೆದ ರೂಪ. ಹಳಗನ್ನಡದ 'ಪಸಿ'ಯೇ ನಮ್ಮ ಹಸಿವು ಆದದ್ದು. ಅಂದ ಮೇಲೆ ಪೈ, ಹಸಿವು ಎರಡೂ ಒಂದೇ ಬೇರಿನವು.

ಆದರೆ ಒಂದೇ ಥರ ಕೇಳಿಸುವ ಎಲ್ಲ ಶಬ್ದವನ್ನೂ ನಂಬಬೇಡಿ. ನಮಗೆ ಬೇಜಾರು ಅಂದರೆ ಬೇಸರ, ಅವರಿಗೆ 'ಬೇಜಾರ್' ಅಂದರೆ ಆತಂಕ, ಗಾಬರಿ. ಆಸ್ಪತ್ರೆಯಲ್ಲಂತೂ ಇದು ತಮಾಷೆ ಅಲ್ಲ. 'ಪಳ್ಳ' ಅಂದರೆ ಹೊಟ್ಟೆ, 'ಬೆರುತ್ತಂ' ಅಂದರೆ ಕಾಯಿಲೆ. ಅಜ್ಜಿಯೊಬ್ಬರು ಇಷ್ಟನ್ನೇ ಹೇಳಿ ಸುಮ್ಮನಾದರೆ ಮಲಯಾಳ ಬರುವ ಡಾಕ್ಟರೂ ತಲೆ ಕೆರೆದುಕೊಂಡಾರು.

ಇವರ ಭಾಷೆ ನಮಗೆ ಹತ್ತಿರ ಕೇಳಿಸುವುದರಲ್ಲಿ ಆಶ್ಚರ್ಯ ಏನಿಲ್ಲ. 1956ರ ನವೆಂಬರ್ 1ಕ್ಕೆ ಕೇರಳ ಸೇರುವ ತನಕ ಕಾಸರಗೋಡು ನಮ್ಮದೇ ಜಿಲ್ಲೆಯ ತಾಲೂಕು. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ಸಂತೆಯಲ್ಲಿ ಓಡಾಡಿದ ಊರು. (ಬ್ಯಾರಿ ಭಾಷೆಯೂ ಇದೂ ಒಂದೇ ಅಂತ ಮಾತ್ರ ಹೇಳಬೇಡಿ, ಎರಡು ಕಡೆಯವರೂ ಜಗಳಕ್ಕೆ ಬಂದಾರು.)

ಈ ಮಾತನ್ನು ಹೊರಗಿನವರೆದುರು ಆಡಲು ನಾಚುವ ಹುಡುಗರಿಗೆ ಧೈರ್ಯ ಕೊಟ್ಟದ್ದು ಸಿನಿಮಾ. ಕಾಞಂಗಾಡಿನಲ್ಲಿ ನಡೆಯುವ 'ತಿಂಗಳಾಯ್ಚ ನಿಶ್ಚಯಂ' 2021ರಲ್ಲಿ ಬಂತು, ರಾಷ್ಟ್ರ ಪ್ರಶಸ್ತಿಯೂ ಸಿಕ್ಕಿತು. ನಿರ್ದೇಶಕ ಸೆನ್ನಾ ಹೆಗ್ಡೆ. ಕನ್ನಡದ 'ಕಥೆಯೊಂದು ಶುರುವಾಗಿದೆ' ಮಾಡಿದವರು ಇವರೇ. 2022ರಲ್ಲಿ ಕುಂಚಾಕ್ಕೋ ಬೋಬನ್ ಅವರ 'ನ್ನಾ ತಾನ್ ಕೇಸ್ ಕೊಡ್' ಬಂತು. ಹೆಸರೇ ಊರಿನ ಮಾತು: ಹಾಗಾದ್ರೆ ನೀನು ಹೋಗಿ ಕೇಸ್ ಹಾಕು. ರಸ್ತೆ ಗುಂಡಿಗಾಗಿ ಮಂತ್ರಿಯನ್ನೇ ಕೋರ್ಟಿಗೆ ಎಳೆಯುವ ಕಳ್ಳನ ಕಥೆ. ಎರಡೂ ಸಿನಿಮಾದಲ್ಲಿ ನಗು ಬರೋದು ಸಂದರ್ಭದಿಂದ, ಭಾಷೆಯನ್ನು ಆಡಿಕೊಂಡು ಅಲ್ಲ.

ಇನ್ನು ಅಂಗಡಿಯವರಿಗೆ ಒಂದು ಮಾತು. ಗಿರಾಕಿ "ನಲ್ಲ ಪಾಙ್ಙ್‌ಂಡ್" ಅಂದರೆ ಚೆನ್ನಾಗಿದೆ, ಚೆಂದ ಉಂಟು ಅಂತ ಅರ್ಥ. ಆಮೇಲೆ ರೇಟ್ ಇಳಿಸಬೇಡಿ.