ಬಂದಷ್ಟು ಸಲೀಸಾಗಿ ಹೋಗದ ಡೆಸ್ಕ್‌ಟಾಪ್

ಲಿನಕ್ಸ್ ಬಳಸುವವರಿಗೆ ಕಂಪ್ಯೂಟರಿನ ಮುಖವನ್ನೇ ಬದಲಿಸುವ ಒಂದು ಚಪಲವಿದೆ. ಮೆನು, ಕಿಟಕಿಗಳು, ಫೈಲ್ ತೆರೆಯುವ ತಂತ್ರಾಂಶ ಎಲ್ಲ ಸೇರಿದ ‘ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’ ಅಲ್ಲಿ ಬಿಡಿಭಾಗ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಜರ್ಮನಿಯ ಮಥಿಯಾಸ್ ಎಟ್ರಿಕ್ 1996ರಲ್ಲಿ ಕೆಡಿಇ ಎಂಬ ಡೆಸ್ಕ್‌ಟಾಪ್ ಶುರುಮಾಡಿದರೆ, ಮರುವರ್ಷ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್‌ಗೆ ಕೈಹಾಕಿದರು. ಇಂದು ಲಿನಕ್ಸಿನ ಒಂದು ರೂಪವಾದ ಉಬುಂಟು ಜೊತೆ ಬರುವುದು ಗ್ನೋಮ್. ಕೆಡಿಇ ರುಚಿಯನ್ನೂ ನೋಡಬೇಕೆನ್ನಿಸಿದರೆ ‘ಕುಬುಂಟು-ಡೆಸ್ಕ್‌ಟಾಪ್’ ಎಂಬ ಒಂದೇ ಪ್ಯಾಕೇಜ್ ಹೆಸರು ಹೇಳಿದರೆ ಸಾಕು, ನೂರಾರು ಪ್ಯಾಕೇಜುಗಳು ಬಂದಿಳಿಯುತ್ತವೆ.

ತಾಪತ್ರಯವಿರುವುದು ಅದು ಬೇಡವಾದಾಗ.

ಕುಬುಂಟು-ಡೆಸ್ಕ್‌ಟಾಪ್ ಪ್ಯಾಕೇಜಿನೊಳಗೆ ತಂತ್ರಾಂಶವೇನೂ ಇಲ್ಲ. ಇರುವುದು ಬೇರೆ ಪ್ಯಾಕೇಜುಗಳ ಪಟ್ಟಿ ಮಾತ್ರ. ದಿನಸಿ ಚೀಟಿ ಹರಿದರೆ ಮನೆಗೆ ಬಂದ ಬೇಳೆ ಬೆಲ್ಲ ಅಂಗಡಿಗೆ ವಾಪಸಾಗುವುದಿಲ್ಲವಲ್ಲ, ಹಾಗೆಯೇ ಕುಬುಂಟು-ಡೆಸ್ಕ್‌ಟಾಪ್ ತೆಗೆದರೂ ಕೆಡಿಇ ಅಲ್ಲೇ ಇರುತ್ತದೆ. ‘ಆಟೋರಿಮೂವ್’ ಎಂಬ ಆಜ್ಞೆ ಅನಾಥವಾದ ಪ್ಯಾಕೇಜುಗಳನ್ನು ಗುಡಿಸುತ್ತದಾದರೂ, ಬೇರಾವುದೋ ತಂತ್ರಾಂಶ ಶಿಫಾರಸು ಮಾಡಿದ್ದನ್ನು ಮುಟ್ಟುವುದಿಲ್ಲ. ಹಾಗೆಂದು ಸಿಟ್ಟಿನಲ್ಲಿ ಒಂದೊಂದನ್ನೇ ಕಿತ್ತರೆ, ಎರಡೂ ಡೆಸ್ಕ್‌ಟಾಪಿಗೆ ಬೇಕಾದ ಲೈಬ್ರರಿ ಹೊರಟು ಉಳಿಯಬೇಕಾದ್ದನ್ನೂ ಎಳೆದೊಯ್ಯಬಹುದು.

ಹೊಸದನ್ನು ಹಾಕುವಾಗಲೂ ಇಂಥ ಎಡವಟ್ಟು ಆಗಬಹುದು. 2021ರಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಲಿನಕ್ಸಿನ ಇನ್ನೊಂದು ರೂಪವಾದ ಪಾಪ್ ಓಎಸ್‌ನಲ್ಲಿ ಹಾಕಲು ಹೊರಟಿದ್ದು ಆಟಗಳ ತಂತ್ರಾಂಶ ಸ್ಟೀಮ್ ಅನ್ನು. ತೆಗೆಯುವ ಮಾತೇ ಇರಲಿಲ್ಲ. ಪ್ಯಾಕೇಜುಗಳ ಗೊಂದಲದಿಂದ ಡೆಸ್ಕ್‌ಟಾಪನ್ನೇ ತೆಗೆಯಬೇಕಾಗುತ್ತದೆಂದು ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಎಚ್ಚರಿಸಿ, ‘ಯೆಸ್, ಡೂ ಆ್ಯಸ್ ಐ ಸೇ’ ಎಂದು ಟೈಪ್ ಮಾಡಲು ಕೇಳಿತು. ಅವರು ಮಾಡಿದರು. ಡೆಸ್ಕ್‌ಟಾಪ್ ಹೋಯಿತು, ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ ಉಳಿದವು. ಅನಂತರ, ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಆಪ್ಟ್ ತಂತ್ರಾಂಶ ಅತ್ಯಗತ್ಯ ಪ್ಯಾಕೇಜುಗಳನ್ನು ತಾನಾಗಿ ಬಲಿಕೊಡದಂತೆ ಬದಲಾಯಿತು. ಆದರೆ ಉಬುಂಟುವಿನ ಲೆಕ್ಕದಲ್ಲಿ ಡೆಸ್ಕ್‌ಟಾಪ್ ‘ಅತ್ಯಗತ್ಯ’ವೇನಲ್ಲ, ಹಾಗಾಗಿ ಆ ಕಾವಲು ಇಲ್ಲಿ ಸಿಗದು.

ಬಲ್ಲವರು ಮೊದಲು ಉಳಿಸಿಕೊಳ್ಳುವ ಡೆಸ್ಕ್‌ಟಾಪಿಗೇ ಲಾಗಿನ್ ಆಗುತ್ತಾರೆ. ಕೆಡಿಇ ಬಂದಾಗ ಲಾಗಿನ್ ಪರದೆ ಎಸ್‌ಡಿಡಿಎಂಗೆ ಬದಲಾಗಿದ್ದರೆ ಅದನ್ನು ಗ್ನೋಮ್‌ನ ಜಿಡಿಎಂಗೆ ಮರಳಿಸುತ್ತಾರೆ. ಆಪ್ಟ್‌ನ ‘ಹಿಸ್ಟರಿ’ ಲಾಗ್‌ನಲ್ಲಿ ಅಂದು ಬಂದಿಳಿದ ಪ್ಯಾಕೇಜುಗಳ ಹೆಸರೆಲ್ಲ ಸಾಲಾಗಿ ಸಿಗುತ್ತದೆ. ಆ ಹೆಸರುಗಳನ್ನು ‘ಸಿಮ್ಯುಲೇಟ್’ ಆಯ್ಕೆಯೊಂದಿಗೆ ಕೊಟ್ಟರೆ ಏನೇನು ಹೋಗುತ್ತದೆಂದು ಆಪ್ಟ್ ತೋರಿಸುತ್ತದೆ, ಆದರೆ ಏನನ್ನೂ ತೆಗೆಯುವುದಿಲ್ಲ. ಅದರಲ್ಲಿ ಗ್ನೋಮ್‌ನ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಅಷ್ಟಾಗಿಯೂ ಪರದೆ ಕಪ್ಪಾದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಲಾಗಿನ್ ಆಗಿ, ‘ಉಬುಂಟು-ಡೆಸ್ಕ್‌ಟಾಪ್’ ಅನ್ನು ಮತ್ತೆ ಹಾಕಿಕೊಳ್ಳಬಹುದು, ಇಂಟರ್ನೆಟ್ ಇದ್ದರೆ. ಇನ್ನು ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕೆಡಿಇ ಸೆಟ್ಟಿಂಗ್ ಫೈಲುಗಳನ್ನು ಸೆಟ್ಟಿಂಗ್ ಸಮೇತ ಪ್ಯಾಕೇಜ್ ತೆಗೆಯುವ ‘ಪರ್ಜ್’ ಆಜ್ಞೆಯೂ ಮುಟ್ಟುವುದಿಲ್ಲ. ಬೇಡವೆನಿಸಿದರೆ ಅವನ್ನು ಬಳಕೆದಾರರೇ ಅಳಿಸಬೇಕು.