ರೀಲು ಯಾರ ಕಣ್ಣಿಗೆ ಬೀಳುತ್ತದೆ?

“ಅದೃಷ್ಟವಿದ್ದರೆ ಓಡುತ್ತದೆ, ಇಲ್ಲದಿದ್ದರೆ ಇಲ್ಲ.” ನಮ್ಮ ವಿದ್ಯಾರ್ಥಿನಿಲಯದಲ್ಲಿ ರೀಲ್ಸಿನ ಮಾತು ಬಂದಾಗಲೆಲ್ಲ ಕೊನೆಗೆ ಕೇಳಿಬರುವ ತೀರ್ಪು ಇದೇ. ಹೋದ ವರ್ಷದವರೆಗೆ ನಾನೂ ಹಾಗೆಯೇ ನಂಬಿದ್ದೆ. ಆದರೆ ಚಳ್ಳಕೆರೆಯ ಕಡೆ ನಮ್ಮ ತಂದೆಯವರು ನೇಯುವ ಕಂಬಳಿಯನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದು ಹೊರಟು, ಮೊದಲು ಸೋತು, ಆಮೇಲೆ ಸ್ವಲ್ಪ ಗೆದ್ದು, ಗೆದ್ದ ಮೇಲೆ ಬೇರೊಂದು ವಿಧದಲ್ಲಿ ಸೋತಾಗ, ಇದರಲ್ಲಿ ಅದೃಷ್ಟಕ್ಕಿಂತ ಲೆಕ್ಕವೇ ಹೆಚ್ಚೆಂಬುದು ತಿಳಿಯಿತು. ಆ ಲೆಕ್ಕವನ್ನು ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶಕ್ಕೆ ರೀಲ್ಸನ್ನೂ, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸನ್ನೂ ತಂದವು. ಇವುಗಳಲ್ಲಿ ನೋಡುವವನು ಹುಡುಕುವ ಶ್ರಮವನ್ನೇ ಪಡುವುದಿಲ್ಲ; ಬೆರಳು ಸರಿಸಿದರೆ ಮುಂದಿನದು ತಾನಾಗಿ ಬರುತ್ತದೆ. ಹಾಗಾದರೆ ಮುಂದಿನದು ಯಾವುದೆಂದು ಆರಿಸುವವರಾರು?

ಜವಳಿ ಅಂಗಡಿಯ ನುರಿತ ಗುಮಾಸ್ತನನ್ನು ನೆನೆಯಿರಿ. ಗಿರಾಕಿ ಬಂದೊಡನೆ ಅವನು ಅಂಗಡಿಯ ಬಟ್ಟೆಯನ್ನೆಲ್ಲ ಬಿಚ್ಚುವುದಿಲ್ಲ. ಬಂದವರ ಮುಖ ನೋಡಿ, ಹಿಂದೆ ಏನು ಕೊಂಡಿದ್ದರೆಂದು ನೆನೆದು, ಹತ್ತಾರು ಸೀರೆಗಳನ್ನು ಕೆಳಗಿಳಿಸುತ್ತಾನೆ. ಅವುಗಳಲ್ಲಿ ಯಾವುದನ್ನು ಮೊದಲು ಬಿಚ್ಚಬೇಕೆಂದು ಆಮೇಲೆ ಯೋಚಿಸುತ್ತಾನೆ. ಯೂಟ್ಯೂಬಿನ ಎಂಜಿನಿಯರರು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದೂ ಈ ಎರಡು ಮೆಟ್ಟಿಲುಗಳನ್ನೇ. ಲಕ್ಷಾಂತರ ವಿಡಿಯೊಗಳಿಂದ ಕೆಲವು ನೂರನ್ನು ಆರಿಸುವುದು ಮೊದಲನೆಯದು. ಅವನ್ನು ಒಬ್ಬೊಬ್ಬ ನೋಡುಗನಿಗೂ ತಕ್ಕಂತೆ ಸಾಲಾಗಿ ಜೋಡಿಸುವುದು ಎರಡನೆಯದು. ಇಲ್ಲಿ ಗಮನಿಸಬೇಕಾದ ತತ್ವವೊಂದಿದೆ: ಯಂತ್ರವು ನಮ್ಮ ವಿಡಿಯೊಕ್ಕೆ ನೋಡುಗರನ್ನು ಹುಡುಕುವುದಿಲ್ಲ, ನೋಡುಗನಿಗೆ ವಿಡಿಯೊವನ್ನು ಹುಡುಕುತ್ತದೆ.

ಗಿರಾಕಿಗೆ ಹಿಡಿಸಿತೇ ಇಲ್ಲವೇ ಎಂಬುದನ್ನು ಯಂತ್ರ ಹೇಗೆ ಅರಿಯುತ್ತದೆ? ಮುಖ್ಯವಾಗಿ ಅವನು ಕಳೆದ ಕಾಲದಿಂದ. 2012ರಲ್ಲಿಯೇ ಯೂಟ್ಯೂಬ್ ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡತೊಡಗಿತು. ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆಡಂ ಮೊಸ್ಸೆರಿಯವರು 2025ರ ಜನವರಿಯಲ್ಲಿ ಮೂರು ಅಂಶಗಳನ್ನು ಮುಂದಿಟ್ಟರು: ನೋಡಿದ ಹೊತ್ತು, ಲೈಕು, ಮತ್ತು ಬೇರೊಬ್ಬರಿಗೆ ಕಳಿಸಿದ್ದು. ನಮ್ಮನ್ನು ಆಗಲೇ ಅನುಸರಿಸುವವರ ನಡುವೆ ಲೈಕಿಗೂ, ಅಪರಿಚಿತರನ್ನು ಮುಟ್ಟುವಲ್ಲಿ ಕಳಿಸುವಿಕೆಗೂ ತುಸು ಹೆಚ್ಚು ತೂಕವೆಂದು ಅವರ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: 2025ರ ಮಾರ್ಚ್ 31ರಿಂದ ಶಾರ್ಟ್ಸಿನಲ್ಲಿ ವಿಡಿಯೊ ಓಡತೊಡಗಿದರೆ ಸಾಕು, ಒಂದು ವೀಕ್ಷಣೆಯೆಂದು ಎಣಿಕೆಯಾಗುತ್ತದೆ. ಆದ್ದರಿಂದ ಆ ಸಂಖ್ಯೆಗೆ ಹಿಗ್ಗದೆ, ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಸರಿಸಿ ಹೋದರು ಎಂಬ ಲೆಕ್ಕವನ್ನು ನೋಡುವುದೇ ಜಾಣತನ.

ನನ್ನ ಮೊದಲ ವಿಡಿಯೊ “ಎಲ್ಲರಿಗೂ ನಮಸ್ಕಾರ” ಎಂದು ಪ್ರಾರಂಭವಾಗಿ, ಊರು ಹೆಸರು ಹೇಳುವಷ್ಟರಲ್ಲಿ ಹತ್ತು ಸೆಕೆಂಡು ನುಂಗಿತು. ಸಭೆಯಲ್ಲಿ ಸ್ವಾಗತ ಭಾಷಣ ಮುಗಿಯುವವರೆಗೆ ನಾವು ಕೂತಿರುತ್ತೇವೆ, ಏಕೆಂದರೆ ಬಾಗಿಲಲ್ಲಿ ಉಪನ್ಯಾಸಕರಿರುತ್ತಾರೆ, ಇಲ್ಲಿ ಯಾರಿದ್ದಾರೆ? ಬಹುಮಂದಿ ಮಗ್ಗವನ್ನು ಕಾಣುವ ಮೊದಲೇ ಹೊರಟುಹೋದರು. ಎರಡನೆಯ ಬಾರಿ ನಮಸ್ಕಾರವನ್ನು ಬಿಟ್ಟೆ. ಹಾಸಿನ ಎಳೆಗಳಿಗೆ ತಂದೆಯವರು ಹುಣಸೆಬೀಜದ ಗಂಜಿ ಬಳಿಯುವ ದೃಶ್ಯದಿಂದಲೇ ತೊಡಗಿ, “ಈ ಗಂಜಿ ಯಾಕೆ ಗೊತ್ತೇ?” ಎಂದು ಕೇಳಿ, ಎಳೆಗಳು ಗಟ್ಟಿಯಾಗಿ ನಿಲ್ಲಲೆಂಬ ಉತ್ತರವನ್ನು ಕೊನೆಯಲ್ಲಿಟ್ಟೆ. ಸದ್ದು ಕೇಳದೆ ನೋಡುವವರಿಗಾಗಿ ಮಾತನ್ನು ಅಕ್ಷರದಲ್ಲೂ ಕೊಟ್ಟೆ. ಬೇರೆ ಆ್ಯಪಿನ ಮುದ್ರೆಯಿರುವ ವಿಡಿಯೊಗಳನ್ನು ಇನ್‌ಸ್ಟಾಗ್ರಾಂ ಹಿಂದಕ್ಕೆ ಸರಿಸುತ್ತದೆಯಾದ್ದರಿಂದ ಮೂಲ ಪ್ರತಿಯನ್ನೇ ಹಾಕಿದೆ. ಅದು ಸಾವಿರಾರು ಜನರನ್ನು ಮುಟ್ಟಿತು. ನೋಡಿದವರು ಊರು ಬಿಟ್ಟ ತಮ್ಮ ನೆಂಟರಿಗೆ ಕಳಿಸಿದ್ದೇ ಅದಕ್ಕೆ ಕಾರಣವೆಂದು ನನ್ನ ಊಹೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದು ದಿನ ಎಳೆ ಮೇಲಿಂದ ಮೇಲೆ ಕಡಿದು, ತಂದೆಯವರು ಬೇಸತ್ತು ಲಾಳಿಯನ್ನು ಎಸೆದು, ತಮ್ಮಷ್ಟಕ್ಕೆ ತಾವೇ ಬಯ್ದುಕೊಂಡರು. ನಾನು ಅದನ್ನು ಸೆರೆಹಿಡಿದು, ನಗೆಯ ಸದ್ದು ಸೇರಿಸಿ ಹಾಕಿಬಿಟ್ಟೆ. ಹಿಂದಿನೆರಡೂ ಸೇರಿದರೂ ಅದರ ಕಾಲುಭಾಗವಾಗಲಿಲ್ಲ. ಜನ ಮತ್ತೆ ಮತ್ತೆ ನೋಡಿದರು, ಕಳಿಸಿದರು, ನಕ್ಕರು. ಯಂತ್ರದ ಲೆಕ್ಕದಲ್ಲಿ ಅದು ಸರ್ವೋತ್ತಮ ವಿಡಿಯೊ. ಸಂತೆಯಲ್ಲಿ ಯಾರೋ ತೋರಿಸಿದ್ದನ್ನು ನೋಡಿಬಂದ ತಂದೆಯವರು ಬಯ್ಯಲಿಲ್ಲ. “ಅವ್ರು ಕಂಬ್ಳಿ ನೋಡಿದ್ರೇನಪ್ಪಾ, ಇಲ್ಲಾ ನನ್ನ ನೋಡಿ ನಕ್ಕರಾ?” ಎಂದಷ್ಟೇ ಕೇಳಿದರು. ಆ ರಾತ್ರಿಯೇ ಅದನ್ನು ಅಳಿಸಿದೆ. ಆಮೇಲೆ ಒಂದು ತಿಂಗಳು ಅವರು ನನ್ನ ಮುಂದೆ ಮಗ್ಗಕ್ಕೆ ಇಳಿಯಲಿಲ್ಲ.

ಯಂತ್ರಕ್ಕೆ ನಿಂತು ನೋಡಿದ ಹೊತ್ತು ಗೊತ್ತು. ಮೆಚ್ಚಿ ನಿಂತವನೂ ಗೇಲಿಗೆಂದು ನಿಂತವನೂ ಅಷ್ಟೇ ಹೊತ್ತು ನಿಂತರೆ, ಆ ಹೊತ್ತಿನ ಲೆಕ್ಕದಲ್ಲಿ ಇಬ್ಬರೂ ಒಂದೇ. ಆ ಭೇದವನ್ನು ಎಣಿಸುವ ಹೊಣೆ ಹಾಕುವವನದು. ಆದ್ದರಿಂದ ಮಿತ್ರರೇ, ಮೊದಲ ಮೂರು ಸೆಕೆಂಡನ್ನು ಜೋಪಾನಮಾಡಿ, ಒಂದು ವಿಡಿಯೊದಲ್ಲಿ ಒಂದೇ ವಿಷಯ ಹೇಳಿ, ಉತ್ತರವನ್ನು ಕೊನೆಗಿಡಿ. ಆದರೆ ಒತ್ತುವ ಮುನ್ನ, ಅದರಲ್ಲಿರುವವರಿಗೆ ಒಮ್ಮೆ ತೋರಿಸಿ. ಈಗ ನಮ್ಮ ಮನೆಯಲ್ಲಿ ತಂದೆಯವರು “ಹೂಂ” ಎಂದ ಮೇಲೆಯೇ ರೀಲು ಹೊರಬೀಳುತ್ತದೆ. ನೋಡುಗರು ಕಡಿಮೆಯೇ. ಆದರೆ ಕಳೆದ ಚಳಿಗಾಲದಲ್ಲಿ ಅವರಲ್ಲಿ ಇಬ್ಬರು ಕಂಬಳಿ ಬೇಕೆಂದು ಕೇಳಿಕೊಂಡು ನಮ್ಮ ಮನೆಗೇ ಬಂದರು.